ರಿಪೋರ್ಟಿನಲ್ಲಿ ಏನೂ ಇಲ್ಲ, ಭೇದಿ ಮಾತ್ರ ನಿಲ್ಲುತ್ತಿಲ್ಲ: ಓದುಗರ ಆರೋಗ್ಯ ಪ್ರಶ್ನೆಗಳು

ಎಚ್‌ಐವಿ ಇರುವವರಿಗೆ ಕಾಡುವ ಹೊಟ್ಟೆಯ ಪರಾವಲಂಬಿಗಳ ಬಗ್ಗೆ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಂದ ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಹೆಸರು ಬೇಡ ಎಂದವರೇ ಹೆಚ್ಚು, ಹಾಗಾಗಿ ಯಾರ ಹೆಸರನ್ನೂ ಹಾಕಿಲ್ಲ. ಪತ್ರಗಳಲ್ಲಿ ಬರುವ ಎಆರ್‌ಟಿ ಎಂದರೆ ಎಚ್‌ಐವಿಯನ್ನು ಹಿಡಿತದಲ್ಲಿಡುವ ಗುಳಿಗೆಗಳು. ಸಿಡಿ4 ಎಂದರೆ ರಕ್ತದಲ್ಲಿರುವ ರೋಗನಿರೋಧಕ ಕಣಗಳ ಎಣಿಕೆ, ಅದು ಇಳಿದಷ್ಟೂ ರೋಗ ತಡೆಯುವ ಶಕ್ತಿ ಕಡಿಮೆ. ಉತ್ತರಗಳಲ್ಲಿ ಬರುವ ಗುಳಿಗೆಯ ಪ್ರಮಾಣಗಳು ನಿಮ್ಮ ಡಾಕ್ಟರರ ಜೊತೆ ತಿಳಿದು ಮಾತಾಡಲಿಕ್ಕೆ. ಪತ್ರಿಕೆ ತೋರಿಸಿ ಔಷಧಿ ಅಂಗಡಿಯಲ್ಲಿ ಕೊಳ್ಳಬೇಡಿ.

ಪ್ರಶ್ನೆ: ನಮ್ಮ ಮನಿಯವರಿಗೆ ಎಚ್‌ಐವಿ ಐತಿ. ಎಆರ್‌ಟಿ ಗುಳಿಗಿ ಚಾಲೂ ಮಾಡಿ ಮೂರು ವಾರ ಆತು. ಸಿಡಿ4 68 ಅಂತ ಬರದಾರ. ಐದು ವಾರದಿಂದ ದಿನಕ್ಕ ಎಂಟ್ಹತ್ತು ಸಲ ನೀರಿನಂಗ ಸಂಡಾಸ. ಎರಡು ಸಲ ಸಂಡಾಸ ತಪಾಸಣಿ ಮಾಡಿಸಿದ್ವಿ, ಎರಡೂ ಸಲ ‘ಓವಾ, ಸಿಸ್ಟ್ ಕಂಡಿಲ್ಲ’ (ಹುಳದ ಮೊಟ್ಟಿ, ಪರಾವಲಂಬಿಯ ಕೋಶ ಇಲ್ಲ) ಅಂತ ಬಂತು. ಈಗ ದವಾಖಾನ್ಯಾಗ ಇಟ್ಕೊಂಡಾರ, ಮತ್ತ ಮೂರು ಸಲ ಕೊಡ್ರಿ ಅಂತಾರ. ಸುಮ್ಮನ ರೊಕ್ಕಾ ಖರ್ಚು ಮಾಡಿಸಾಕತ್ತಾರೋ ಹೆಂಗ?
(ಮುಧೋಳ)

ಉತ್ತರ: ಅವರು ಕೇಳಿದ್ದು ಸರಿಯಾಗಿದೆ ತಾಯಿ, ಕೊಡಿ. ಆದರೆ ಹಿಂದಿನ ಎರಡು ಸಲದಂತೆಯೇ ನೋಡುವುದಾದರೆ ಮೂರು ಸಲ ಕೊಟ್ಟರೂ ಅದೇ ಉತ್ತರ ಬರಬಹುದು. ಏಕೆಂದರೆ ಸಾಮಾನ್ಯ ಮಲ ಪರೀಕ್ಷೆಯಲ್ಲಿ ಗಾಜಿನ ಸ್ಲೈಡಿನ ಮೇಲೆ ಒಂದು ಕಡೆ ಸಲೈನ್ ಹನಿ, ಇನ್ನೊಂದು ಕಡೆ ಅಯೋಡಿನ್ ಹನಿ ಹಾಕಿ, ಕಡ್ಡಿಯ ತುದಿಯಷ್ಟು ಮಲ ಕಲಸಿ ನೋಡುತ್ತಾರೆ. ದುಂಡುಹುಳದ ಮೊಟ್ಟೆ, ಕೊಕ್ಕೆಹುಳದ ಮೊಟ್ಟೆ, ಜಿಯಾರ್ಡಿಯಾ, ಅಮೀಬಾ ಇವೆಲ್ಲ ಇದರಲ್ಲಿ ಸಿಗುತ್ತವೆ. ಸಿಡಿ4 ನೂರರ ಕೆಳಗಿರುವವರಿಗೆ ವಾರಗಟ್ಟಲೆ ನೀರು ಭೇದಿ ಹಚ್ಚುವ ಕ್ರಿಪ್ಟೋಸ್ಪೊರಿಡಿಯಂ ಮಾತ್ರ ಸಿಗುವುದಿಲ್ಲ. ಅದರ ಅಂಡಕೋಶ (ಮಲದಲ್ಲಿ ಹೊರಬೀಳುವ, ಕವಚವಿರುವ ಮೊಟ್ಟೆಯಂಥ ಕಣ) 4ರಿಂದ 6 ಮೈಕ್ರಾನ್, ಅಂದರೆ ರಕ್ತದ ಕೆಂಪು ಕಣಕ್ಕಿಂತ ಚಿಕ್ಕದು. ಬಣ್ಣ ಹಾಕದೆ ನೋಡಿದರೆ ಮಲದಲ್ಲಿ ಹೇಗೂ ಇರುವ ಯೀಸ್ಟ್ ಕಣದಂತೆಯೇ ಕಾಣುತ್ತದೆ. ಇದನ್ನು ಹಿಡಿಯಲು ‘ಮಾರ್ಪಡಿಸಿದ ಆಸಿಡ್ ಫಾಸ್ಟ್’ ಎಂಬ ಬಣ್ಣದ ಪರೀಕ್ಷೆ ಬೇಕು. ಕಾಕ್ಸಿಡಿಯಾ ಎಂಬ ಇದರ ಬಳಗದ ಇನ್ನೆರಡು, ಸಿಸ್ಟೋಐಸೊಸ್ಪೊರಾ (ಹಳೆಯ ಹೆಸರು ಐಸೊಸ್ಪೊರಾ) ಮತ್ತು ಸೈಕ್ಲೊಸ್ಪೊರಾ, ಇದೇ ಬಣ್ಣದಲ್ಲಿ ಸಿಗುತ್ತವೆ. ಕೇಳದೆ ಇದ್ದರೆ ಲ್ಯಾಬಿನವರು ಇದನ್ನು ಮಾಡುವುದಿಲ್ಲ, ಅದು ಅವರ ತಪ್ಪೂ ಅಲ್ಲ. ಆದ್ದರಿಂದ ಚೀಟಿಯ ಮೇಲೆ ‘ಆಸಿಡ್ ಫಾಸ್ಟ್ ಬಣ್ಣ ಹಾಕಿ ಕಾಕ್ಸಿಡಿಯಾ ನೋಡಿ’ ಎಂದು ಬರೆಸಿಕೊಳ್ಳಿ. ಹಾಗೆ ಬರೆದರೆ ಸಾಕು, ಎಲ್ಲರ ಕೈ ದಾಟುವ ಆ ಚೀಟಿಯ ಮೇಲೆ ಎಚ್‌ಐವಿ ಎಂದು ಬರೆಯುವ ಅಗತ್ಯವಿಲ್ಲ.

ಮೂರು ಸಲ ಏಕೆಂದರೆ ಈ ಜೀವಿಗಳು ಪ್ರತಿದಿನ ಒಂದೇ ಪ್ರಮಾಣದಲ್ಲಿ ಹೊರಬೀಳುವುದಿಲ್ಲ. ಹತ್ತು ದಿನದೊಳಗೆ, ದಿನ ಬಿಟ್ಟು ದಿನ, ಮೂರು ಮಾದರಿ ಕೊಡಬೇಕು. ಒಂದೇ ದಿನ ಮೂರು ಡಬ್ಬಿ ತುಂಬಿ ಕೊಟ್ಟರೆ ಅದು ಒಂದೇ ಮಾದರಿ.

ಕೊಡುವ ರೀತಿಯಲ್ಲೂ ಕೆಲಸ ಕೆಡುತ್ತದೆ. ಅಗಲ ಬಾಯಿಯ, ಒಣಗಿದ, ಮುಚ್ಚಳ ಬಿಗಿಯಾಗುವ ಡಬ್ಬಿ ಇರಲಿ. ಸಂಡಾಸದ ಗುಂಡಿಯಿಂದ ಎತ್ತಬೇಡಿ. ಮೂತ್ರ ಸೇರಿದರೆ ಚಲಿಸುವ ಅಮೀಬಾ ಸಾಯುತ್ತದೆ, ನೀರು ಸೇರಿದರೆ ನೀರಿನಲ್ಲಿರುವ ಬೇರೆ ಜೀವಿಗಳು ಸ್ಲೈಡಿಗೆ ಬರುತ್ತವೆ. ಬೆಡ್‌ಪ್ಯಾನಿನಲ್ಲಿ ಮೊದಲು ಮೂತ್ರ ಮಾಡಿಸಿ, ಅದನ್ನು ತೊಳೆದು ಒರೆಸಿ, ಆಮೇಲೆ ಮಲ ತೆಗೆದುಕೊಳ್ಳುವುದು ಒಳ್ಳೆಯ ಕ್ರಮ. ತೆಳ್ಳಗಿದ್ದರೆ ಐದಾರು ಟೀ ಚಮಚ ಸಾಕು. ಲೋಳೆ ಅಥವಾ ರಕ್ತ ಇದ್ದರೆ ಆ ಭಾಗವನ್ನೇ ಹಾಕಿ. ನೀರಿನಂಥ ಮಲವನ್ನು ಅರ್ಧ ತಾಸಿನೊಳಗೆ ನೋಡಬೇಕು. ಬೆಳಿಗ್ಗೆ ಆರಕ್ಕೆ ತೆಗೆದು ಹತ್ತೂವರೆಗೆ ಲ್ಯಾಬಿನ ಕಿಟಕಿಯಲ್ಲಿಟ್ಟರೆ ಆಸಿಡ್ ಫಾಸ್ಟಿಗೆ ನಡೆದೀತು, ಅಮೀಬಾ ನೋಡಲಿಕ್ಕೆ ಅದು ಉಪಯೋಗವಿಲ್ಲ. ಬೇರಿಯಂ ಕುಡಿಸಿ ಎಕ್ಸ್‌ರೇ ತೆಗೆಸಿದ್ದರೆ ಅಥವಾ ಆ್ಯಂಟಿಬಯೋಟಿಕ್ ನಡೆದಿದ್ದರೆ ಮೊದಲೇ ಹೇಳಿ, ಎರಡೂ ಫಲಿತಾಂಶವನ್ನು ಮರೆಮಾಡುತ್ತವೆ.

ಮೂರರಲ್ಲೂ ಏನೂ ಸಿಗದಿದ್ದರೆ ಮೈಕ್ರೊಸ್ಪೊರಿಡಿಯಾ (ಅದಕ್ಕೆ ಬೇರೆ ಬಣ್ಣ), ಕರುಳಿನ ಕ್ಷಯ, ಸಿಎಂವಿ ವೈರಸ್ ಇವುಗಳನ್ನು ಹುಡುಕಬೇಕಾಗುತ್ತದೆ. ಆಗ ಎಂಡೋಸ್ಕೋಪಿ ಅಥವಾ ಕೊಲೊನೋಸ್ಕೋಪಿ ಮಾಡಿ ಕರುಳಿನ ಚೂರು ತೆಗೆದು ನೋಡುತ್ತಾರೆ. ಅಷ್ಟರಲ್ಲಿ ಎಆರ್‌ಟಿ ಗುಳಿಗೆಯನ್ನು ಒಂದು ದಿನವೂ ಬಿಡಿಸಬೇಡಿ. ‘ಭೇದಿಯಲ್ಲಿ ಗುಳಿಗೆ ಮೈಗೆ ಹತ್ತುವುದಿಲ್ಲ, ನಿಂತ ಮೇಲೆ ತಗೊಂಡರಾಯಿತು’ ಎನ್ನುವವರು ನಿಮಗೆ ಸಿಕ್ಕೇ ಸಿಗುತ್ತಾರೆ. ಕ್ರಿಪ್ಟೋಸ್ಪೊರಿಡಿಯಂ ಆಗಿದ್ದರೆ ಭೇದಿಯನ್ನು ನಿಲ್ಲಿಸುವುದೇ ಆ ಗುಳಿಗೆ.

ಪ್ರಶ್ನೆ: ತಾಲೂಕು ಮಟ್ಟದ ಲ್ಯಾಬಿನಲ್ಲಿ ಟೆಕ್ನಿಷಿಯನ್ ಆಗಿದ್ದೇನೆ. ಮಲಕ್ಕೆ ಆಸಿಡ್ ಫಾಸ್ಟ್ ಬಣ್ಣ ಹಾಕಿದಾಗ ಒಮ್ಮೆ ಇಡೀ ಸ್ಲೈಡು ಕೆಂಪು, ಒಮ್ಮೆ ಪೂರ್ತಿ ನೀಲಿ. ಕಫದ ಸ್ಲೈಡು ಚೆನ್ನಾಗಿಯೇ ಬರುತ್ತದೆ. ತಪ್ಪು ಎಲ್ಲಿ?
(ಸಿಂದಗಿ)

ಉತ್ತರ: ಪೂರ್ತಿ ನೀಲಿಯಾಗುವುದಕ್ಕೆ ಕಾರಣ ಬಹುಶಃ ನಿಮ್ಮ ಆ್ಯಸಿಡ್ ಬಾಟಲಿ. ಕ್ಷಯದ ಕಫಕ್ಕೆ ಬಳಸುವ 25% ಗಂಧಕಾಮ್ಲವನ್ನೇ ಮಲದ ಸ್ಲೈಡಿಗೂ ಹಾಕಿದರೆ ಕ್ರಿಪ್ಟೋಸ್ಪೊರಿಡಿಯಂನ ಬಣ್ಣವೂ ತೊಳೆದು ಹೋಗುತ್ತದೆ. ಇದಕ್ಕೆ 1% ಸಾಕು. 99 ಮಿ.ಲೀ. ಡಿಸ್ಟಿಲ್ಡ್ ನೀರಿಗೆ 1 ಮಿ.ಲೀ. ಗಾಢ ಆಮ್ಲವನ್ನು ನಿಧಾನವಾಗಿ ಬಿಡಿ. ನೀರಿಗೆ ಆಮ್ಲ, ಆಮ್ಲಕ್ಕೆ ನೀರಲ್ಲ. ಈ ಬಾಟಲಿಗೆ ಬೇರೆ ಬಣ್ಣದ ಚೀಟಿ ಅಂಟಿಸಿ, ಬೇರೆ ಕಪಾಟಿನಲ್ಲಿಡಿ. ಒಂದೇ ಸಿಂಕಿನ ಮೇಲೆ ಎರಡೂ ನಿಂತಿದ್ದರೆ ಒಂದಲ್ಲ ಒಂದು ದಿನ ಅದಲುಬದಲಾಗುತ್ತವೆ.

ಇಡೀ ಸ್ಲೈಡು ಕೆಂಪಾಗುವುದು ಲೇಪ ದಪ್ಪವಾದಾಗ. ಸ್ಲೈಡನ್ನು ಪತ್ರಿಕೆಯ ಮೇಲಿಟ್ಟರೆ ಕೆಳಗಿನ ಅಕ್ಷರ ಓದಲು ಬರಬೇಕು, ಅಷ್ಟು ತೆಳ್ಳಗಿರಲಿ. ಒಣಗಿದ ಮೇಲೆ ಮೆಥನಾಲ್ 1 ನಿಮಿಷ. ಕಿನ್ಯೂನ್ ವಿಧಾನದ ಕಾರ್ಬಾಲ್ ಫುಕ್ಸಿನ್ (ಕೆಂಪು ಬಣ್ಣ) 5 ನಿಮಿಷ, ಬಿಸಿ ಮಾಡುವುದು ಬೇಡ. ತೊಳೆದು 1% ಆಮ್ಲ ಸುಮಾರು 2 ನಿಮಿಷ, ಸ್ಲೈಡಿನಿಂದ ಇಳಿಯುವ ಹನಿಯಲ್ಲಿ ಕೆಂಪು ಇಲ್ಲದಂತಾಗುವವರೆಗೆ. ಮತ್ತೆ ತೊಳೆದು ಮೆಥಿಲೀನ್ ಬ್ಲೂ 1 ನಿಮಿಷ. ಹಳೆಯ ಫುಕ್ಸಿನ್‌ನಲ್ಲಿ ಗಷ್ಟು ಕೂತಿದ್ದರೆ ಸೋಸಿ ಬಳಸಿ, ಆ ಗಷ್ಟಿನ ಕೆಂಪು ಚುಕ್ಕೆಗಳು ಹೊಸಬರ ಕಣ್ಣಿಗೆ ಅಂಡಕೋಶದಂತೆಯೇ ಕಾಣುತ್ತವೆ.

ನೋಡುವಾಗ ಎಣ್ಣೆಯ ಲೆನ್ಸಿನಲ್ಲಿ ಕಡಿಮೆಯೆಂದರೆ 200ರಿಂದ 300 ಕ್ಷೇತ್ರ ನೋಡಿ. ನೀಲಿ ಹಿನ್ನೆಲೆಯಲ್ಲಿ ಗುಲಾಬಿ ಕೆಂಪಿನ ದುಂಡನೆಯ ಕಣ, 4ರಿಂದ 6 ಮೈಕ್ರಾನ್, ಒಳಗೆ ಕೆಲವೊಮ್ಮೆ ಗಾಢ ಚುಕ್ಕೆಗಳಿದ್ದರೆ ಅದು ಕ್ರಿಪ್ಟೋಸ್ಪೊರಿಡಿಯಂ. ಅದರಂತೆಯೇ ದುಂಡಗಿದ್ದು 8ರಿಂದ 10 ಮೈಕ್ರಾನ್ ಬಂದರೆ ಸೈಕ್ಲೊಸ್ಪೊರಾ. ಇದು ಆಟ ಆಡಿಸುತ್ತದೆ: ಒಂದೇ ಸ್ಲೈಡಿನಲ್ಲಿ ಒಂದು ಕಡುಗೆಂಪು, ಪಕ್ಕದ್ದು ತಿಳಿ ಗುಲಾಬಿ, ಮತ್ತೊಂದು ಬಣ್ಣವನ್ನೇ ಹಿಡಿಯದೆ ಗಾಜಿನ ಗುಳ್ಳೆಯಂತೆ. ಸಿಸ್ಟೋಐಸೊಸ್ಪೊರಾ ಉದ್ದನೆಯ ಅಂಡಾಕಾರ, 25ರಿಂದ 30 ಮೈಕ್ರಾನ್ ಉದ್ದ. ಒಮ್ಮೆ ಕಂಡವರು ಮರೆಯುವುದಿಲ್ಲ. ಉಳಿದ ಎರಡನ್ನು ಬೇರ್ಪಡಿಸುವುದು ಅಳತೆಯೇ, ಆದ್ದರಿಂದ ಐಪೀಸಿನಲ್ಲಿ ಮೈಕ್ರೊಮೀಟರ್ ಇಲ್ಲದೆ ಹೆಸರು ಬರೆಯಬೇಡಿ. ಎರಡಕ್ಕೂ ಔಷಧಿ ಬೇರೆ ಬೇರೆ. ಪ್ರತಿ ಬ್ಯಾಚಿನ ಜೊತೆ ಗೊತ್ತಿರುವ ಒಂದು ಪಾಸಿಟಿವ್ ಸ್ಲೈಡಿಗೂ ಬಣ್ಣ ಹಾಕಿ. ಅದೂ ನೀಲಿಯಾದರೆ ಆ ದಿನದ ನೆಗೆಟಿವ್ ವರದಿ ಒಂದನ್ನೂ ಹೊರಗೆ ಕಳಿಸಬೇಡಿ.

ಫಾರ್ಮಾಲ್-ಈಥರ್ ಸಾಂದ್ರೀಕರಣ (ಮಲದಲ್ಲಿರುವ ಜೀವಿಗಳನ್ನು ತಳಕ್ಕಿಳಿಸಿ ಒಟ್ಟುಗೂಡಿಸುವುದು) ಮಾಡುವುದಾದರೆ ಸೆಂಟ್ರಿಫ್ಯೂಜ್ ಯಂತ್ರದಲ್ಲಿ 500 ಜಿ (ಗುರುತ್ವದ 500 ಪಟ್ಟು) ಬಲದಲ್ಲಿ 10 ನಿಮಿಷ ತಿರುಗಿಸಿ. ಎರಡು ನಿಮಿಷಕ್ಕೆ ನಿಲ್ಲಿಸಿದರೆ ಹುಳದ ಮೊಟ್ಟೆ ತಳಕ್ಕಿಳಿಯುತ್ತದೆ, ಈ ಸಣ್ಣ ಕಣಗಳು ಮೇಲೆಯೇ ಉಳಿದು ನೀವು ಚೆಲ್ಲುವ ದ್ರವದಲ್ಲಿ ಹೋಗುತ್ತವೆ. ರೋಟರಿನ ತ್ರಿಜ್ಯ 15 ಸೆಂ.ಮೀ. ಇದ್ದರೆ 500 ಜಿ ಎಂದರೆ ನಿಮಿಷಕ್ಕೆ ಸುಮಾರು 1,730 ಸುತ್ತು, 10 ಸೆಂ.ಮೀ. ಇದ್ದರೆ ಸುಮಾರು 2,100. ಮೈಕ್ರೊಸ್ಪೊರಿಡಿಯಾ ಸಂಶಯವಿದ್ದರೆ ಒಂದು ಪಾಲು ಮಲಕ್ಕೆ ಮೂರು ಪಾಲು 10% ಫಾರ್ಮಾಲಿನ್ ಬೆರೆಸಿ ಹತ್ತಿರದ ಮೆಡಿಕಲ್ ಕಾಲೇಜಿನ ಮೈಕ್ರೋಬಯಾಲಜಿ ವಿಭಾಗಕ್ಕೆ ಕಳಿಸಿ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಮೂರೂ ಕಡೆ ಮೆಡಿಕಲ್ ಕಾಲೇಜುಗಳಿವೆ. ಕಳಿಸುವ ಮುಂಚೆ ಫೋನ್ ಮಾಡಿ ಆ ಬಣ್ಣ ಅವರಲ್ಲಿ ಸದ್ಯ ಇದೆಯೇ ಕೇಳಿಕೊಳ್ಳಿ.

ಪ್ರಶ್ನೆ: ತಮ್ಮನಿಗೆ ಜಂತುಹುಳದ ಆಲ್ಬೆಂಡಜೋಲ್ ಗುಳಿಗೆ ಮೂರು ಸಲ ನುಂಗಿಸಿದೆವು. ಭೇದಿ ನಿಂತಿಲ್ಲ. ಇನ್ನೂ ಜೋರಿನ ಹುಳದ ಔಷಧಿ ಇದೆಯೇ?
(ಬೈಲಹೊಂಗಲ)

ಉತ್ತರ: ಜೋರಿನದು ಬೇಡ, ಸರಿಯಾದದ್ದು ಬೇಕು. ಶಾಲೆಯಲ್ಲಿ ಮಕ್ಕಳಿಗೆ ಕೊಡುವ 400 ಮಿ.ಗ್ರಾಂ. ಆಲ್ಬೆಂಡಜೋಲ್ ದುಂಡುಹುಳ, ಕೊಕ್ಕೆಹುಳಗಳಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಎಚ್‌ಐವಿ ಇರುವವರ ದೀರ್ಘ ಭೇದಿಗೆ ಸಾಮಾನ್ಯವಾಗಿ ಹುಳ ಕಾರಣವಲ್ಲ, ಕಣ್ಣಿಗೆ ಕಾಣದ ಏಕಕೋಶ ಜೀವಿಗಳು ಕಾರಣ. ಸಿಸ್ಟೋಐಸೊಸ್ಪೊರಾ ಬಂದರೆ ಕೋಟ್ರೈಮೋಕ್ಸಜೋಲ್ ಡಬಲ್ ಸ್ಟ್ರೆಂತ್ (160/800 ಮಿ.ಗ್ರಾಂ.) ದಿನಕ್ಕೆ 4 ಸಲ, 10 ದಿನ. ಸೈಕ್ಲೊಸ್ಪೊರಾಗೆ ಅದೇ ಗುಳಿಗೆ ದಿನಕ್ಕೆ 2 ಸಲ, 7ರಿಂದ 10 ದಿನ. ಈ ಗುಳಿಗೆಯಲ್ಲಿ ಸಲ್ಫಾ ಇದೆ, ಅದು ಮೈಗೆ ಆಗದವರಿದ್ದರೆ ಮೊದಲೇ ಹೇಳಬೇಕು. ಮೈಮೇಲೆ ಗಂಧೆ ಎದ್ದರೆ ಅಥವಾ ಬಾಯಿ ಹುಣ್ಣಾದರೆ ಗುಳಿಗೆ ನಿಲ್ಲಿಸಿ ಅದೇ ದಿನ ತೋರಿಸಿ. ಜಿಯಾರ್ಡಿಯಾಗೆ ಟಿನಿಡಜೋಲ್ 2 ಗ್ರಾಂ ಒಂದೇ ಸಲ. ಆಲ್ಬೆಂಡಜೋಲ್‌ಗೆ ಇಲ್ಲೂ ಒಂದು ಜಾಗವಿದೆ: ಮೈಕ್ರೊಸ್ಪೊರಿಡಿಯಾದ ಒಂದು ಜಾತಿಗೆ 400 ಮಿ.ಗ್ರಾಂ. ದಿನಕ್ಕೆ ಎರಡು ಸಲ, ವಾರಗಟ್ಟಲೆ ಕೊಡುತ್ತಾರೆ. ನೀವು ನುಂಗಿಸಿದ ಒಂದೊಂದು ಗುಳಿಗೆ ಅದಕ್ಕೂ ಸಾಲದು.

ಕ್ರಿಪ್ಟೋಸ್ಪೊರಿಡಿಯಂಗೆ ಮಾತ್ರ ನಂಬಬಹುದಾದ ಔಷಧಿ ಇಲ್ಲ. ನಿಟಜೋಕ್ಸನೈಡ್ ಕೊಡುತ್ತಾರೆ, ಶಕ್ತಿ ಇರುವವರಲ್ಲಿ ಅದು ಫಲ ಕೊಡುತ್ತದೆ, ಸಿಡಿ4 ತೀರ ಇಳಿದವರಲ್ಲಿ ಅಷ್ಟಕ್ಕಷ್ಟೆ. ಎಆರ್‌ಟಿಯಿಂದ ಸಿಡಿ4 ನೂರು ದಾಟುತ್ತಿದ್ದಂತೆ ಭೇದಿ ತಾನಾಗಿಯೇ ಕಡಿಮೆಯಾಗುತ್ತ ಬರುತ್ತದೆ. ಅಲ್ಲಿಯವರೆಗೆ ನೀರು, ಉಪ್ಪು, ಅನ್ನ ಕೊಟ್ಟು ದೇಹವನ್ನು ಹಿಡಿದು ನಿಲ್ಲಿಸುವುದೇ ಕೆಲಸ. ರೋಗಿಯ ಮನೆಯವರಿಗೆ ಇದು ಅತಿ ಕಷ್ಟದ ಉತ್ತರ ಎಂದು ಗೊತ್ತು.

ಎಆರ್‌ಟಿ ಕೇಂದ್ರದಲ್ಲಿ ಸಿಡಿ4 350ಕ್ಕಿಂತ ಕಡಿಮೆ ಇರುವವರಿಗೆ ದಿನಕ್ಕೊಂದು ಕೋಟ್ರೈಮೋಕ್ಸಜೋಲ್ ಕೊಡುತ್ತಾರಲ್ಲ, ‘ಜ್ವರ ಇಲ್ಲ, ಏನಿಲ್ಲ, ಯಾಕೆ’ ಎಂದು ಬಿಡುವವರು ಬಹಳ. ನ್ಯುಮೋನಿಯಾ ತಡೆಯುವ ಅದೇ ಗುಳಿಗೆ ಸಿಸ್ಟೋಐಸೊಸ್ಪೊರಾವನ್ನೂ ದೂರ ಇಡುತ್ತದೆ.

ಪ್ರಶ್ನೆ: ಭೇದಿಗೆಂದು ಅಡ್ಮಿಟ್ ಆದ ನನ್ನ ಮಾವನಿಗೆ ಮಲದಲ್ಲಿ ಏನೋ ಸಿಕ್ಕಿತಂತೆ. ಕೂಡಲೇ ಎಚ್‌ಐವಿ ರಕ್ತ ಪರೀಕ್ಷೆ ಮಾಡಿಸಿ ಎಂದರು. ಹೊಟ್ಟೆಯ ಹುಳ ಇದ್ದರೆ ಎಚ್‌ಐವಿ ಇದೆ ಎಂದೇ ಅರ್ಥವೇ? ಮನೆಯಲ್ಲಿ ಎಲ್ಲರೂ ಹೌಹಾರಿದ್ದಾರೆ.
(ಅಥಣಿ)

ಉತ್ತರ: ಅಲ್ಲ. ಹೊಲದಲ್ಲಿ ದುಡಿಯುವ ಯಾರ ಹೊಟ್ಟೆಯಲ್ಲಾದರೂ ಹುಳ ಇರಬಹುದು. ಕ್ರಿಪ್ಟೋಸ್ಪೊರಿಡಿಯಂ ಕೂಡ ಚಿಕ್ಕ ಮಕ್ಕಳಿಗೆ, ಗಟ್ಟಿಮುಟ್ಟಾದವರಿಗೆ ಬರುತ್ತದೆ, ಒಂದೆರಡು ವಾರದಲ್ಲಿ ಹೋಗುತ್ತದೆ. ದೊಡ್ಡವರಲ್ಲಿ ಭೇದಿ ತಿಂಗಳು ದಾಟಿ ಈ ಜೀವಿಗಳು ಸಿಕ್ಕಾಗ ರೋಗನಿರೋಧಕ ಶಕ್ತಿ ಏಕೆ ಇಳಿದಿದೆ ಎಂದು ಕೇಳುವುದು ಡಾಕ್ಟರರ ಧರ್ಮ. ಸಕ್ಕರೆ ಕಾಯಿಲೆ, ಕಿಡ್ನಿ ಕಸಿಯ ಗುಳಿಗೆ, ಸ್ಟೀರಾಯ್ಡ್, ಕ್ಯಾನ್ಸರ್ ಚಿಕಿತ್ಸೆ ಇವೂ ಆ ಪಟ್ಟಿಯಲ್ಲಿವೆ. ಎಚ್‌ಐವಿ ಅದರಲ್ಲೊಂದು, ಅದಕ್ಕೆ ಔಷಧಿ ಪುಕ್ಕಟೆ ಸಿಗುವುದರಿಂದ ಬೇಗ ತಿಳಿಯುವುದೇ ಲಾಭ.

ಆದರೆ ಕೇಳುವ ರೀತಿ ಇದೆ. 2017ರ ಎಚ್‌ಐವಿ-ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ರೋಗಿಗೆ ತಿಳಿಸಿ ಹೇಳಿ, ಒಪ್ಪಿಗೆ ಪಡೆದ ಮೇಲೆಯೇ ಪರೀಕ್ಷೆ. ಫಲಿತಾಂಶ ಹೇಳಬೇಕಾದದ್ದು ನಿಮ್ಮ ಮಾವನಿಗೆ, ಮಂಚದ ಸುತ್ತ ನಿಂತ ಬೀಗರಿಗಲ್ಲ. ಮಂಚಕ್ಕೆ ಕೆಂಪು ಚೀಟಿ ಕಟ್ಟುವುದು, ಕೇಸ್ ಪೇಪರಿನ ಮೇಲೆ ದೊಡ್ಡಕ್ಷರದಲ್ಲಿ ಬರೆಯುವುದು ತಪ್ಪು. ಸರಕಾರಿ ಐಸಿಟಿಸಿ ಕೇಂದ್ರದಲ್ಲಿ ಸಮಾಲೋಚನೆಯೂ ಪರೀಕ್ಷೆಯೂ ಉಚಿತ. ಏಡ್ಸ್ ಸಹಾಯವಾಣಿ 1097ಕ್ಕೆ ಫೋನ್ ಮಾಡಿದರೂ ಮಾಹಿತಿ ಸಿಗುತ್ತದೆ.

ಇನ್ನೊಂದು ಮಾತು. ‘ಏನೋ ಸಿಕ್ಕಿತು’ ಎಂದಿದ್ದೀರಿ. ವರದಿ ತರಿಸಿ ಓದಿ. ‘ಎಂಟಮೀಬಾ ಸಿಸ್ಟ್’ ಎಂದಷ್ಟೇ ಇದ್ದರೆ ಅದಕ್ಕೆ ದೊಡ್ಡ ಅರ್ಥವಿಲ್ಲ. ಕಾಯಿಲೆ ತರುವ ಹಿಸ್ಟೊಲಿಟಿಕಾ ಮತ್ತು ನಿರುಪದ್ರವಿ ಡಿಸ್ಪಾರ್ ಸೂಕ್ಷ್ಮದರ್ಶಕದಲ್ಲಿ ಅವಳಿ-ಜವಳಿ. ಕೆಂಪು ರಕ್ತಕಣ ನುಂಗಿದ ಅಮೀಬಾ ಕಂಡರೆ ಮಾತು ಬೇರೆ.

ಪ್ರಶ್ನೆ: ನಮ್ಮೂರಲ್ಲಿ ಬೋರಿನ ನೀರು, ಜೊತೆಗೆ ನಾಣ್ಯ ಹಾಕಿ ಕ್ಯಾನ್ ತುಂಬುವ ಶುದ್ಧ ನೀರಿನ ಘಟಕ. ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕುತ್ತಾರೆ. ಎಚ್‌ಐವಿ ಇರುವವರು ಇದನ್ನು ಕುಡಿಯಬಹುದೇ?
(ಇಂಡಿ)

ಉತ್ತರ: ಬ್ಲೀಚಿಂಗ್ ಕಾಲರಾಕ್ಕೆ, ಟೈಫಾಯ್ಡಿಗೆ ಒಳ್ಳೆಯದು. ಕ್ರಿಪ್ಟೋಸ್ಪೊರಿಡಿಯಂನ ಕವಚಕ್ಕೆ ಅದು ತಾಗುವುದಿಲ್ಲ, ಕ್ಲೋರಿನ್ ಇರುವ ನೀರಿನಲ್ಲೂ ವಾರದ ಮೇಲೆ ಬದುಕುತ್ತದೆ. 1993ರಲ್ಲಿ ಅಮೆರಿಕದ ಮಿಲ್ವಾಕಿ ನಗರದಲ್ಲಿ ಕ್ಲೋರಿನ್ ಹಾಕಿದ ನಲ್ಲಿ ನೀರು ಕುಡಿದೇ ಸುಮಾರು 4 ಲಕ್ಷ ಜನ ಇದರಿಂದ ಭೇದಿಗೆ ಬಿದ್ದರು.

ಘಟಕದಲ್ಲಿ ನೀರು ಸೋಸುವ ಆರ್‌ಒ ಪೊರೆ ಸರಿಯಿದ್ದರೆ ಈ ಜೀವಿ ದಾಟುವುದಿಲ್ಲ. ಕೆಡುವುದು ಆಮೇಲೆ: ತಳದಲ್ಲಿ ಪಾಚಿ ಹಿಡಿದ ಕ್ಯಾನು, ಕ್ಯಾನಿನ ಬಾಯಿಗೆ ಒತ್ತುವ ಕೈ, ಮನೆಯಲ್ಲಿ ಅದ್ದುವ ಚರಿಗೆ. ಆದ್ದರಿಂದ ಘಟಕದ ನೀರನ್ನೇ ತಂದು ಕುದಿಸಿ. ದೊಡ್ಡ ಗುಳ್ಳೆ ಬಂದು ಪಾತ್ರೆಯ ನೀರೆಲ್ಲ ಮಗುಚುವಂತೆ ಕುದಿಯತೊಡಗಿದ ಮೇಲೆ 1 ನಿಮಿಷ ಸಾಕು, ಇಪ್ಪತ್ತು ನಿಮಿಷ ಗ್ಯಾಸ್ ಸುಡಬೇಕಿಲ್ಲ. ಅದೇ ಪಾತ್ರೆಯಲ್ಲಿ ಮುಚ್ಚಿಟ್ಟು ಆರಿಸಿ, ನಳ ಇರುವ ಪಾತ್ರೆಗೆ ಸುರಿದು, ನಳದಿಂದಲೇ ಹಿಡಿಯಿರಿ. ಬೋರಿನ ನೀರನ್ನು ಹಾಗೇ ಕುದಿಸಬಾರದೇ ಎಂದು ಕೇಳಬಹುದು. ಫ್ಲೋರೈಡ್ ಇರುವ ನೀರಾದರೆ ಕುದಿಸಿದಾಗ ಅದು ಹೋಗುವುದಿಲ್ಲ, ನೀರು ಇಂಗಿದಷ್ಟು ಹೆಚ್ಚೇ ಆಗುತ್ತದೆ.

ಪ್ರಶ್ನೆ: ಅಣ್ಣನ ಆರೈಕೆ ನಾನೇ ಮಾಡುತ್ತೇನೆ. ಮನೆಯಲ್ಲಿ ಎರಡು ಮಕ್ಕಳು, ಆಕಳು, ಹದಿನೈದು ದಿನದ ಕರು ಇವೆ. ಅವನ ಭೇದಿಯಿಂದ ನಮಗೆ ಎಚ್‌ಐವಿ ಬರುತ್ತದೆಯೇ? ರೊಟ್ಟಿ ಜೊತೆ ಅವನಿಗೆ ಹಸಿ ತೊಪ್ಪಲು ಬಿಡಲಾಗದು.
(ಜಮಖಂಡಿ)

ಉತ್ತರ: ಮಲದಿಂದ ಎಚ್‌ಐವಿ ಬರುವುದಿಲ್ಲ, ಒಂದೇ ಸಂಡಾಸ, ಒಂದೇ ತಾಟು ಬಳಸಿದರೂ ಬರುವುದಿಲ್ಲ. ಮಲದಲ್ಲಿ ರಕ್ತ ಕಂಡರೆ ಕೈಗವಸು ಹಾಕಿಕೊಳ್ಳಿ. ನಿಮಗೆ, ಮಕ್ಕಳಿಗೆ ಅಂಟಬಹುದಾದದ್ದು ಭೇದಿಯ ಜೀವಿ. ಅದರಲ್ಲೂ ವ್ಯತ್ಯಾಸವಿದೆ. ಸೈಕ್ಲೊಸ್ಪೊರಾ ಹೊರಬಿದ್ದ ಮೇಲೆ ವಾರ ಎರಡು ವಾರ ಮಣ್ಣಲ್ಲಿ ನೀರಲ್ಲಿ ಮಾಗಬೇಕು, ಆಮೇಲೆಯೇ ಅಂಟುವುದು. ಕ್ರಿಪ್ಟೋಸ್ಪೊರಿಡಿಯಂ ಹೊರಬಿದ್ದ ಗಳಿಗೆಯಲ್ಲೇ ಅಂಟುತ್ತದೆ. ಹಾಗಾಗಿ ಬೆಡ್‌ಪ್ಯಾನ್ ತೊಳೆದ ಕೈಯನ್ನು ಸಾಬೂನಿನಿಂದ, ಉಗುರಿನ ಸಂದಿ ಸಹಿತ ತಿಕ್ಕಿ, ಹರಿಯುವ ನೀರಿನಲ್ಲಿ ತೊಳೆಯಿರಿ. ವಾರ್ಡಿನ ಗೋಡೆಗೆ ತೂಗುಹಾಕಿದ ಸ್ಯಾನಿಟೈಸರ್ ಇದನ್ನು ಕೊಲ್ಲುವುದಿಲ್ಲ. ಹೊಲಸಾದ ಬಟ್ಟೆಯನ್ನು ಬಿಸಿ ನೀರಲ್ಲಿ ಒಗೆದು ಬಿಸಿಲಿಗೆ ಗರಿಗರಿ ಒಣಗಿಸಿ. ಒಣಗಿದರೆ ಈ ಜೀವಿ ಬದುಕದು, ಬಿಸಿಲಿಗೆ ನಮ್ಮಲ್ಲಿ ಬರವಿಲ್ಲ.

ಕರುವಿನ ಕೆಲಸ ಅಣ್ಣ ಮಾಡುವುದು ಬೇಡ. ಒಂದು ತಿಂಗಳೊಳಗಿನ ಕರು ಹೇರಳವಾಗಿ ಈ ಅಂಡಕೋಶ ಹೊರಹಾಕಬಲ್ಲದು, ಅದಕ್ಕೂ ಭೇದಿ ಹತ್ತಿದ್ದರೆ ಇನ್ನೂ ಹೆಚ್ಚು. ಹಾಲು ಕಾಯಿಸಿಯೇ ಕುಡಿಯಲಿ.

ತೊಪ್ಪಲಿನ ಮಾತು. ಜೋಳದ ರೊಟ್ಟಿಗೆ ಹಕ್ಕರಕಿ, ಮೆಂತ್ಯೆ, ಉಳ್ಳಾಗಡ್ಡಿ ತಪ್ಪಲು ಇಲ್ಲದ ಊಟ ನಮ್ಮ ಕಡೆ ಊಟವೇ ಅಲ್ಲ, ಒಪ್ಪುತ್ತೇವೆ. ಆದರೆ ಹಕ್ಕರಕಿಯ ಎಲೆ ನೆಲಕ್ಕೆ ಅಂಟಿಕೊಂಡು ಬೆಳೆಯುತ್ತದೆ, ಕಾಲುವೆಯ ಕೆಸರು ಎಲೆಯ ಸುಕ್ಕಿನಲ್ಲೇ ಕೂರುತ್ತದೆ. ಉಪ್ಪು ನೀರಲ್ಲಿ, ಪೊಟ್ಯಾಸಿಯಂ ಪರ್ಮಾಂಗನೇಟಿನಲ್ಲಿ ನೆನೆಸಿದರೆ ಅಂಡಕೋಶ ಸಾಯುವುದಿಲ್ಲ. ಸಿಡಿ4 ಇನ್ನೂರು ದಾಟುವವರೆಗೆ ತೊಪ್ಪಲನ್ನು ಬಾಡಿಸಿಯೇ ಕೊಡಿ. ಹಸಿಯದೇ ಬೇಕೆಂದರೆ ಸವತಿಕಾಯಿ ಇದೆ, ತೊಳೆದು ಸಿಪ್ಪೆ ಹೆರೆದು ಕೊಡಿ.

ಪ್ರಶ್ನೆ: ಕಬ್ಬಿನ ಹೊಲದಲ್ಲಿ ಕೆಲಸ. ಹಿಮೋಗ್ಲೋಬಿನ್ 7 ಎಂದರು, ಕೊಕ್ಕೆಹುಳ ಎಂದರು. ಎಆರ್‌ಟಿಯನ್ನೂ ತೆಗೆದುಕೊಳ್ಳುತ್ತೇನೆ. ಐರನ್ ಗುಳಿಗೆ ಜೊತೆಗೆ ನುಂಗಬಹುದೇ?
(ಗೋಕಾಕ)

ಉತ್ತರ: ನಿಮ್ಮ ಎಆರ್‌ಟಿಯಲ್ಲಿ ಡೊಲುಟೆಗ್ರವಿರ್ ಇದ್ದರೆ (ಈಗ ಹೆಚ್ಚಿನವರಿಗೆ ಅದೇ) ಖಾಲಿ ಹೊಟ್ಟೆಯಲ್ಲಿ ಐರನ್ ಜೊತೆ ನುಂಗಬೇಡಿ, ಐರನ್ ಅದನ್ನು ಕರುಳಿನಲ್ಲೇ ಹಿಡಿದುಕೊಳ್ಳುತ್ತದೆ. ಊಟದ ಜೊತೆಗಾದರೆ ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳಬಹುದು. ಕ್ಯಾಲ್ಸಿಯಂಗೂ ಇದೇ ನಿಯಮ. ಹೊಟ್ಟೆ ಉರಿಗೆ ಕುಡಿಯುವ ಬಿಳಿ ಆ್ಯಂಟಾಸಿಡ್‌ಗೆ ಮಾತ್ರ ಊಟದ ರಿಯಾಯಿತಿ ಇಲ್ಲ: ಎಆರ್‌ಟಿ ಗುಳಿಗೆ ಅದಕ್ಕಿಂತ 2 ತಾಸು ಮೊದಲು ಅಥವಾ 6 ತಾಸು ನಂತರ. ಹುಳಕ್ಕೆ ಆಲ್ಬೆಂಡಜೋಲ್ ಆಗುತ್ತದೆ, ಆದರೆ ಬರಿಗಾಲಲ್ಲಿ ಹೊಲಕ್ಕಿಳಿದರೆ ಮರಿಹುಳ ಮತ್ತೆ ಪಾದದ ಚರ್ಮ ಕೊರೆದೇ ಒಳಬರುತ್ತದೆ. ನೀರು ಬಿಟ್ಟ ದಿನ ಗಮ್‌ಬೂಟ್ ಹಾಕಿ.

ಪ್ರಶ್ನೆ: ಓಆರ್‌ಎಸ್ ಅರ್ಧ ಪೊಟ್ಟಣ ಒಂದು ಗ್ಲಾಸಿಗೆ ಹಾಕಿ ಕೊಡುತ್ತಿದ್ದೇವೆ. ಭೇದಿ ಹೆಚ್ಚಾದಂತಿದೆ.
(ಇಳಕಲ್)

ಉತ್ತರ: ಹೆಚ್ಚೇ ಆಗುತ್ತದೆ. ದೊಡ್ಡ ಪೊಟ್ಟಣ 20.5 ಗ್ರಾಂ, ಪೂರ್ತಿ 1 ಲೀಟರ್ ನೀರಿಗೆ. ನೀವು ಮಾಡಿದ್ದು ಎರಡು ಪಟ್ಟಿಗಿಂತ ಗಟ್ಟಿ. ಸಕ್ಕರೆ-ಉಪ್ಪು ಅತಿಯಾದರೆ ಅದು ಕರುಳಿಗೇ ನೀರನ್ನು ಎಳೆದು ತರುತ್ತದೆ. ಲೀಟರ್ ಬಾಟಲಿಯಲ್ಲಿ ಅಳೆದು ಒಮ್ಮೆಗೇ ಕಲಸಿ, 24 ತಾಸಿನೊಳಗೆ ಮುಗಿಸಿ, ಉಳಿದದ್ದು ಚೆಲ್ಲಿ. ಪ್ರತಿ ಸಲ ಭೇದಿಯಾದ ಮೇಲೆ ದೊಡ್ಡವರಿಗೆ ಒಂದು ಲೋಟ, ಗುಟುಕು ಗುಟುಕಾಗಿ. ನಡುವೆ ನುಚ್ಚಿನ ಗಂಜಿ, ಉಪ್ಪು ಹಾಕಿದ ತೆಳು ಮಜ್ಜಿಗೆ ಕೊಡಿ. ಆರೆಂಟು ತಾಸು ಮೂತ್ರವಾಗದಿದ್ದರೆ, ಮಲದಲ್ಲಿ ರಕ್ತ ಬಂದರೆ, ಮಾತು ತೊದಲಿದರೆ ಬಾಟಲಿ ಕೆಳಗಿಟ್ಟು ಗಾಡಿ ಕರೆಸಿ.